ದೊಡ್ಡವ್ವನ ಹೆಸರಿನಲ್ಲಿದ್ದ ನನ್ನ ಪಾಪ

ಹೋದ ವರ್ಷ ಫೆಬ್ರವರಿಯಲ್ಲಿ ನಾನು ದೀಕ್ಷಾಸ್ನಾನಕ್ಕೆ ಅರ್ಜಿ ಕೊಟ್ಟೆ. ಅರ್ಜಿ ಎಂದರೆ ಅರ್ಜಿಯೇ. ನಮ್ಮ ಪಾಸ್ಟರು ಸಭೆಯ ಕೆಲಸಕ್ಕೆ ಬರುವ ಮೊದಲು ಬಹಳ ವರ್ಷ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದವರು. ಕಾಗದದಲ್ಲಿ ಇಲ್ಲದ್ದು ಅವರ ಮಟ್ಟಿಗೆ ನಡೆದೇ ಇಲ್ಲ. ಬಿಳಿ ಹಾಳೆಯ ಮೇಲೆ ಹೆಸರು, ವಯಸ್ಸು, ತಂದೆಯ ಹೆಸರು, ಕೆಳಗೆ ಸಹಿ. ಅದರ ಜೊತೆಗೆ ಸಾಕ್ಷಿಯನ್ನು ಲಗತ್ತಿಸಬೇಕು. ಸಾಕ್ಷಿ ಎಂದರೆ, ನಾನು ಎಂಥ ಪಾಪದಲ್ಲಿದ್ದೆ, ಅದರಿಂದ ಯೇಸುಸ್ವಾಮಿ ನನ್ನನ್ನು ಹೇಗೆ ಬಿಡಿಸಿದರು ಎಂಬ ಹೇಳಿಕೆ. ನಮ್ಮಲ್ಲಿ ಕೂಸುಗಳಿಗೆ ದೀಕ್ಷಾಸ್ನಾನ ಇಲ್ಲ. ದೊಡ್ಡವರಾಗಿ, ತಿಳಿದು, ತಾವಾಗಿ ಕೇಳಿದವರನ್ನು ಹಂಪಸಾಗರದ ಹಿನ್ನೀರಿಗೆ ಕರೆದುಕೊಂಡು ಹೋಗಿ ಮುಳುಗಿಸಿ ಎತ್ತುತ್ತಾರೆ. ಮುಳುಗುವ ಮೊದಲು ದಡದಲ್ಲಿ ನಿಂತು ಎಲ್ಲರಿಗೂ ಕೇಳುವಂತೆ ಸಾಕ್ಷಿ ಹೇಳಬೇಕು.

ಈ ಕೊನೆಯದಕ್ಕೆ ಹೆದರಿಯೇ ನಾನು ಇಪ್ಪತ್ತಾರು ವರ್ಷದವರೆಗೂ ಒಣಗಿಕೊಂಡೇ ಉಳಿದಿದ್ದೆ. ವಿಶ್ವವಿದ್ಯಾಲಯದ ಹಾಸ್ಟೆಲಿನಲ್ಲಿ ಎರಡು ವರ್ಷ ಜೊತೆಗಿದ್ದ ಗೆಳತಿಗೆ ನನ್ನ ಹುಟ್ಟಿದ ದಿನ ಗೊತ್ತಿರಲಿಲ್ಲ. ಗುಟ್ಟೇನೂ ಅಲ್ಲ, ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ. ಅಂಥವಳು ನಲವತ್ತು ಜನರ ಮುಂದೆ ಪಾಪ ಹೇಳಬೇಕು.

ಆ ನಲವತ್ತು ಜನರೂ ಸಾಮಾನ್ಯರಲ್ಲ. ಹಗರಿಬೊಮ್ಮನಹಳ್ಳಿಯ ಸಂತೆ ಬಯಲಿನ ಹಿಂದೆ ಇರುವ ನಮ್ಮ ತಗಡಿನ ಪ್ರಾರ್ಥನಾ ಹಾಲ್‌ನಲ್ಲಿ ಒಳ್ಳೆಯ ಸಾಕ್ಷಿ ಕೇಳಿ ಕೇಳಿ ಅವರ ಕಿವಿ ಪಳಗಿದೆ. ಇಸ್ಪೀಟಿನಲ್ಲಿ ಎತ್ತಿನ ಜೋಡಿಯನ್ನೇ ಸೋತು ಬಂದವರಿದ್ದಾರೆ. ಒಂದೇ ಮನೆ, ಒಂದೇ ಒಲೆ ಇಟ್ಟುಕೊಂಡು ನಾದಿನಿಯ ಜೊತೆ ಒಂಬತ್ತು ವರ್ಷ ಮಾತು ಬಿಟ್ಟಿದ್ದ ಹೆಂಗಸು ಇದ್ದಾಳೆ. ಉಪ್ಪು ಬೇಕಾದರೆ ಬೆಕ್ಕಿಗೆ ಹೇಳಿದಂತೆ ಹೇಳುತ್ತಿದ್ದಳಂತೆ. ಇವರ ಮುಂದೆ ನನ್ನದು ಏನು?

ಎರಡು ಪುಟ ಬರೆದೆ. ಪಾಸ್ಟರು ಕನ್ನಡಕ ಏರಿಸಿ, ಪೆನ್ಸಿಲ್ ಹಿಡಿದು, ಹಳೆಯ ರೂಢಿಯಂತೆ ಅಂಚಿನಲ್ಲಿ ಸಣ್ಣ ಗುರುತು ಹಾಕುತ್ತ ಓದಿದರು.

“ಭಾಷಾ ಭಾಳ ಚಂದ ಐತಿ. ಪಾಪ ಎಲ್ಲೈತವ್ವ?”

“ಎರಡನೇ ಪ್ಯಾರಾದಾಗ ಐತ್ರಿ.”

“ಇಲ್ಲಿ ಅಹಂಕಾರ ಅಂತ ಬರದೀ. ಅಹಂಕಾರ ಎಲ್ಲಾರಿಗೂ ಇರತೈತಿ, ನನಗೂ ಐತಿ. ನೀ ಏನು ಮಾಡಿದಿ? ಯಾವ ದಿನ, ಎಲ್ಲಿ, ಯಾರಿಗೆ? ಇಷ್ಟು ಬರಕೊಂಡು ಬಾ.”

ಹಾಳೆಯನ್ನು ಮಡಿಸಿ ವಾಪಸು ಕೊಟ್ಟರು. ನಾನು ಹೊರಬಂದೆ. ಯಾವ ದಿನ, ಎಲ್ಲಿ, ಯಾರಿಗೆ ಎಂಬ ಮೂರಕ್ಕೂ ನನ್ನ ಹತ್ತಿರ ಉತ್ತರ ಇತ್ತು. ತೊಂದರೆ ಏನೆಂದರೆ ಆ ಪಾಪ ಹದಿಮೂರು ವರ್ಷದಿಂದ ನನ್ನ ದೊಡ್ಡವ್ವನ ಹೆಸರಿನಲ್ಲಿತ್ತು.

ದೊಡ್ಡವ್ವ ನನ್ನ ಅವ್ವನ ಅಕ್ಕ. ಕೂಡ್ಲಿಗಿಯಲ್ಲಿ ಹೆಣ್ಣುಮಕ್ಕಳ ಹಾಸ್ಟೆಲಿನ ಅಡಿಗೆಯವಳಾಗಿದ್ದು, ಗಂಡ ತೀರಿಕೊಂಡ ಮೇಲೆ ನಮ್ಮ ಓಣಿಗೆ ಬಂದು ಎರಡು ಕೋಣೆಯ ಮನೆಯಲ್ಲಿ ಇದ್ದಳು. ಮಕ್ಕಳಿಲ್ಲ. ಅವಳಿಗಿದ್ದ ಮರ್ಯಾದೆಯ ಕೆಲಸ ಒಂದೇ: ಪ್ರತಿ ತಿಂಗಳ ಮೊದಲ ಭಾನುವಾರ ಕರ್ತನ ಮೇಜಿಗೆ ದ್ರಾಕ್ಷಿರಸ ಮಾಡುವುದು. ಅಂದು ಸಭೆಯಲ್ಲಿ ಎಲ್ಲರಿಗೂ ಒಂದು ಚೂರು ಚಪಾತಿ, ಹೆಬ್ಬೆರಳಿನಷ್ಟು ಲೋಟದಲ್ಲಿ ದ್ರಾಕ್ಷಿರಸ ಕೊಡುತ್ತಾರೆ. ಯೇಸುಸ್ವಾಮಿಯ ದೇಹ, ರಕ್ತ ಎಂದು ನೆನೆದು ತೆಗೆದುಕೊಳ್ಳುತ್ತೇವೆ. ದೊಡ್ಡವ್ವ ಶನಿವಾರ ಕರಿ ದ್ರಾಕ್ಷಿ ತೊಳೆದು, ಕುದಿಸಿ, ಹಳೆಯ ಮಲ್ ಬಟ್ಟೆಯಲ್ಲಿ ಸೋಸಿ, ಸಕ್ಕರೆ, ಒಂದೇ ಒಂದು ಲವಂಗ ಹಾಕುತ್ತಿದ್ದಳು. ಅದನ್ನು ಅಗಲ ಬಾಯಿಯ ಗಾಜಿನ ಭರಣಿಯಲ್ಲಿ ತುಂಬಿ ನಮ್ಮ ಮನೆಯಲ್ಲಿ ಇಡುತ್ತಿದ್ದಳು, ಏಕೆಂದರೆ ಫ್ರಿಜ್ ಇದ್ದದ್ದು ನಮ್ಮ ಮನೆಯಲ್ಲಿ ಮಾತ್ರ.

ಆಗ ನನಗೆ ಹದಿಮೂರು. ಏಪ್ರಿಲ್ ತಿಂಗಳ ಶನಿವಾರ, ಮಧ್ಯಾಹ್ನ ಮೂರು ಗಂಟೆ. ಅವ್ವ, ದೊಡ್ಡವ್ವ ಇಬ್ಬರೂ ಹಾಲ್ ಗುಡಿಸಲು ಹೋಗಿದ್ದರು. ಬಿಸಿಲು ಗೋಡೆ ದಾಟಿ ಒಳಗೆ ಬಂದಂತಿತ್ತು. ನಾನು ಕಾಲು ಲೋಟ ಕುಡಿದೆ, ಅಷ್ಟೇ ನೀರು ಹಾಕಿದೆ. ಮತ್ತೆ ಕಾಲು ಲೋಟ ಕುಡಿದೆ, ಅಷ್ಟೇ ನೀರು ಹಾಕಿದೆ. ಅಳತೆಯಲ್ಲಿ ನಾನು ಆಗಲೂ ಕಟ್ಟುನಿಟ್ಟು. ಭರಣಿಯ ಮಟ್ಟ ಒಂದು ಕೂದಲೆಳೆಯಷ್ಟೂ ಇಳಿಯಲಿಲ್ಲ. ಆದರೆ ಏಳನೆಯ ಸಲಕ್ಕೆ ಒಳಗಿದ್ದದ್ದು ಕೆಂಪು ಸೀರೆ ನೆನೆಸಿದ ನೀರಿನಂತೆ ಕಂಡಿತು.

ಆಗ ನನಗೆ ಹೊಳೆದದ್ದು ಹುಣಸೆಹಣ್ಣು. ದ್ರಾಕ್ಷಿಯೂ ಹುಳಿ, ಹುಣಸೆಯೂ ಹುಳಿ. ಅದೂ ಕಪ್ಪು, ಇದೂ ಕಪ್ಪು. ದೊಡ್ಡವ್ವ ಕೂಡ್ಲಿಗಿಯಿಂದ ನಮ್ಮ ಮನೆಗೂ ವರ್ಷಕ್ಕಾಗುವಷ್ಟು ಹೊಸ ಹುಣಸೆಹಣ್ಣು ತಂದು ಮಣ್ಣಿನ ಗಡಿಗೆಯಲ್ಲಿ ಇಟ್ಟಿದ್ದಳು. ಒಂದು ಮುದ್ದೆ ತೆಗೆದು ಕಿವಿಚಿ, ಬೆಲ್ಲ ಕದಡಿ, ಸೋಸಿ ಹಾಕಿದೆ. ಬಣ್ಣ ಬಂತು. ನೋಡಲು ಹಿಂದಿಗಿಂತ ಚೆನ್ನಾಗಿಯೇ ಇತ್ತು. ಹುಣಸೆಹಣ್ಣು ಕೆಡದಿರಲಿ ಎಂದು ನಮ್ಮ ಕಡೆ ಅದಕ್ಕೆ ಧಾರಾಳವಾಗಿ ಉಪ್ಪು ಹಾಕಿ ಕುಟ್ಟಿ ಇಡುತ್ತಾರೆ ಎಂಬುದು ಮಾತ್ರ ನನಗೆ ಗೊತ್ತಿರಲಿಲ್ಲ. ರುಚಿ ನೋಡಲೂ ಇಲ್ಲ. ಅಷ್ಟು ಹೊತ್ತಿಗೆ ಹೊಟ್ಟೆ ತುಂಬಿತ್ತು.

ಭಾನುವಾರ ಪಾಸ್ಟರು ಪ್ರಾರ್ಥನೆ ಮಾಡಿದರು. ನಲವತ್ತು ಜನ ಒಟ್ಟಿಗೆ ಲೋಟ ಎತ್ತಿದರು, ಒಟ್ಟಿಗೆ ಕುಡಿದರು. ಆಮೇಲೆ ಬಂದಂಥ ಮೌನವನ್ನು ನಾನು ಮುಂದೆ ಯಾವ ಪರೀಕ್ಷಾ ಕೋಣೆಯಲ್ಲೂ ಕೇಳಿಲ್ಲ. ಪಾಸ್ಟರ ಒಂದು ಕಣ್ಣು ತಾನಾಗಿ ಮುಚ್ಚಿಕೊಂಡಿತು. ಸಭೆಯ ಹಿರಿಯರಾದ ಒಬ್ಬರು ಎದೆಯ ಮೇಲೆ ಕೈಯಿಟ್ಟು, ಗದ್ಗದರಾಗಿ, “ಇವತ್ತು ಕರ್ತನ ಬಾಧಿ ನಾಲಿಗಿಗೇ ತಿಳೀತು ನೋಡ್ರಿ” ಎಂದರು.

ಪಕ್ಕದಲ್ಲಿದ್ದ ಅವರ ಹೆಂಡತಿ ಲೋಟದೊಳಗೆ ಇಣುಕಿ ನೋಡಿ, “ಬಾಧಿ ಅಲ್ರಿ ಇದು, ಸಾರು. ಒಗ್ಗರಣಿ ಒಂದು ಕಡಿಮಿ” ಎಂದರು.

ಹಿರಿಯರ ಹೆಂಡತಿಗೆ ದ್ರಾಕ್ಷಿರಸದ ಕೆಲಸ ತಮಗೆ ಬರಬೇಕೆಂದು ಎಷ್ಟೋ ದಿನದಿಂದ ಆಸೆಯಿತ್ತು. ಆರಾಧನೆ ಮುಗಿದ ಮೇಲೆ ಬಾಗಿಲು ಹಾಕಿಸಿ ವಿಚಾರಣೆ ಶುರು ಮಾಡಿಸಿದವರೂ ಅವರೇ. ಕರ್ತನ ಮೇಜಿನ ಪಾತ್ರೆಗೆ ಕೈಹಾಕಿದವರು ಯಾರು? ಪಾಸ್ಟರು ಮೂರು ಸಲ ಕೇಳಿದರು. ನನ್ನ ಮುಂದಿನ ಸಾಲಿನಲ್ಲಿ ದೊಡ್ಡವ್ವ ಕೂತಿದ್ದಳು. ಅವಳು ಹಾಸ್ಟೆಲಿನಲ್ಲಿ ನೂರಾರು ಹುಡುಗಿಯರಿಗೆ ಬಡಿಸಿದವಳು. ಯಾರು ತಟ್ಟೆಯ ಕೆಳಗೆ ಎರಡನೆಯ ಚಪಾತಿ ಬಚ್ಚಿಟ್ಟಿದ್ದಾರೆ ಎಂದು ಮುಖ ನೋಡಿಯೇ ಹೇಳುತ್ತಿದ್ದಳು. ಒಂದು ಸಲ ತಿರುಗಿ ನನ್ನನ್ನು ನೋಡಿದಳು. ಎದ್ದು ನಿಂತಳು.

“ನಾನರೀ ಕುಡದಾಕಿ. ಶುಗರ್ ಐತಂತ ಡಾಕ್ಟರು ಸಿಹಿ ಬಿಡಿಸ್ಯಾರ. ಬಾಯಿ ಕೇಳ್ಲಿಲ್ಲ. ಕುಡದು ನೀರು ಹಾಕಿದೆ.”

“ಹುಳಿ ಎಲ್ಲಿಂದ ಬಂತು?” ಎಂದರು ಹಿರಿಯರ ಹೆಂಡತಿ.

ದೊಡ್ಡವ್ವ ಬಾಯಿಗೆ ಬಂದದ್ದನ್ನು ಹೇಳಿದಳು. “ನಿಂಬಿಹಣ್ಣು ಹಿಂಡೀನಿ.”

“ನಿಂಬಿ ಅಲ್ಲ ಅದು.”

ಯಾರೂ ಅವರ ಮಾತಿಗೆ ಕಿವಿಗೊಡಲಿಲ್ಲ. ಸಕ್ಕರೆ ಡಬ್ಬಿ ಕಂಡರೆ ದೊಡ್ಡವ್ವನ ಕೈ ಸುಮ್ಮನಿರುವುದಿಲ್ಲ ಎಂದು ಸಭೆಗೆಲ್ಲ ಗೊತ್ತಿತ್ತು. ಮೂರು ತಿಂಗಳು ಕರ್ತನ ಮೇಜಿನಿಂದ ದೂರ ಎಂದು ಪಾಸ್ಟರು ಶಿಸ್ತು ವಿಧಿಸಿದರು. ದ್ರಾಕ್ಷಿರಸದ ಕೆಲಸ ಹಿರಿಯರ ಹೆಂಡತಿಗೆ ಹೋಯಿತು. ನಾನು ಮನೆಗೆ ಬಂದು ಹೊದ್ದು ಮಲಗಿದೆ. ಸಂಜೆ ದೊಡ್ಡವ್ವ ಬಂದು, “ಏನಾಗೈತಿ ಈಕೀಗೆ?” ಎಂದು ಅವ್ವನನ್ನು ಕೇಳಿ, ಅಜವಾನದ ಕಷಾಯ ಮಾಡಿ ಕುಡಿಸಿದಳು. ಬೇರೆ ಮಾತಿಲ್ಲ. ನಾನೂ ಆಡಲಿಲ್ಲ. ಹದಿಮೂರು ವರ್ಷ ಆಡಲಿಲ್ಲ.

ಇಲ್ಲಿಗೆ ಮುಗಿದಿದ್ದರೆ ನನ್ನ ಸಾಕ್ಷಿ ಸುಲಭವಿತ್ತು. ಎದ್ದು ನಿಂತು, ತಪ್ಪು ನನ್ನದು, ಶಿಕ್ಷೆ ದೊಡ್ಡವ್ವನದು ಎನ್ನಬಹುದಿತ್ತು. ನಮ್ಮ ವಿಶ್ವಾಸದ ನಡುಗಂಬವೇ ಅದು: ತಪ್ಪು ಮಾಡದವನು ತಪ್ಪು ಮಾಡಿದವರ ಜಾಗದಲ್ಲಿ ನಿಂತ. ಪಾಸ್ಟರು ಪ್ರತಿ ಶುಭ ಶುಕ್ರವಾರ ಅದನ್ನು ತಮ್ಮ ಕಚೇರಿಯ ಭಾಷೆಯಲ್ಲಿ ವಿವರಿಸುತ್ತಾರೆ. “ಹೊಲದ ಖಾತೆ ಬದಲಾಗತೈತಲ್ರಿ, ಹಂಗ. ನಿಮ್ಮ ಹೆಸರಿಗಿದ್ದ ಪಾಪ ಸ್ವಾಮಿ ಹೆಸರಿಗೆ ಆತು. ಪಹಣಿ ತಗಸಿ ನೋಡ್ರಿ, ನಿಮ್ಮ ಹೆಸರು ಇಲ್ಲ!” ಹೀಗೆ ಹೇಳುವಾಗ ಅವರ ಕಣ್ಣಲ್ಲಿ ನಿಜವಾಗಿ ನೀರು ಬರುತ್ತದೆ.

ಆದರೆ ದೊಡ್ಡವ್ವ ತನ್ನ ಹೆಸರಿಗಾದ ಪಾಪವನ್ನು ಬೀಳು ಬಿಡಲಿಲ್ಲ. ಉತ್ತಿ, ಬಿತ್ತಿ, ಬೆಳೆ ತೆಗೆದಳು.

ಮೂರು ತಿಂಗಳ ಶಿಸ್ತು ಮುಗಿದ ಭಾನುವಾರ ಅವಳಿಂದ ಸಾಕ್ಷಿ ಹೇಳಿಸಿದರು. ಹಾಸ್ಟೆಲಿನಲ್ಲಿ ಗದ್ದಲದ ನಡುವೆ ಕೂಗಿ ಹೇಳಿ ರೂಢಿಯಿದ್ದ ಗಂಟಲು, ಜನ ಅತ್ತರು. ಒಂದು ತಿಂಗಳಿಗೆ ಕೊಟ್ಟೂರಿನ ಸ್ತ್ರೀಯರ ಕೂಟದಿಂದ ಕರೆ ಬಂತು. ಆಮೇಲೆ ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ. ಗಂಡ ಸತ್ತ ಅಡಿಗೆಯವಳನ್ನು ಅಲ್ಲಿಯವರೆಗೆ ಯಾರೂ ಎಲ್ಲಿಗೂ ಕರೆದಿರಲಿಲ್ಲ. ಈಗ ಬಸ್ಸು ಇಳಿದರೆ ಇಬ್ಬರು ಬಂದು ಚೀಲ ಹಿಡಿಯುವರು, ಹಡಗಲಿಯವರು ಮಲ್ಲಿಗೆ ಮಾಲೆ ಹಾಕುವರು. ವಿಧವೆ ಎಂದು ಅವಳು ಹಿಂದೆ ಸರಿದರೆ, “ನಮ್ಮಲ್ಲಿ ಅದೆಲ್ಲ ಇಲ್ಲರೀ ಅವ್ವ” ಎಂದು ಜಡೆಗೇ ಮುಡಿಸುವರು.

ಊರೂರಿಗೆ ಸಾಕ್ಷಿಯೂ ಬೆಳೆಯಿತು. ಕೊಟ್ಟೂರಿನಲ್ಲಿ ಒಂದು ಲೋಟವಿದ್ದದ್ದು ಕೂಡ್ಲಿಗಿಯಲ್ಲಿ ಒಂದು ತಂಬಿಗೆಯಾಯಿತು. ಹಡಗಲಿಗೆ ಹೋಗುವಷ್ಟರಲ್ಲಿ ಭರಣಿಯನ್ನೇ ಎತ್ತಿ ಕುಡಿದಿದ್ದಳು. ಹರಪನಹಳ್ಳಿಯಲ್ಲಿ ಕುಡಿದು ಎಚ್ಚರ ತಪ್ಪಿ ಬಿದ್ದು, ಬಿದ್ದಲ್ಲೇ ತನ್ನ ಹೆಸರು ಹಿಡಿದು ಯಾರೋ ಕರೆದಂತೆ ಕೇಳಿದ್ದಳು. ಅವ್ವನ ಜೊತೆಗೆ ನಾನೂ ಹೋಗಿ ಮೂರನೆಯ ಸಾಲಿನಲ್ಲಿ ಕೂತು ಇದನ್ನು ಕೇಳಿದ್ದೇನೆ. ನನ್ನ ಪಕ್ಕದ ಹೆಂಗಸು ಸೆರಗಿನಿಂದ ಕಣ್ಣೊರೆಸಿಕೊಂಡು, “ಎಂಥ ಪಾಪಿನ್ನ ಎಂಥ ದೇವರು ಹಿಡದಾನ ನೋಡವ್ವ!” ಎಂದು ನನ್ನ ತೊಡೆ ತಟ್ಟಿದಳು.

ಈಗ ನಾನು ಬಾಯಿ ಬಿಟ್ಟರೆ ದೊಡ್ಡವ್ವ ಐದು ಊರಿನಲ್ಲಿ ಸುಳ್ಳುಗಾತಿ. ಬಿಡದಿದ್ದರೆ ನಾನು ಸುಳ್ಳಿನ ಮೇಲೆ ನಿಂತು ನೀರಿಗೆ ಇಳಿಯಬೇಕು.

ಪಾಸ್ಟರ ಹತ್ತಿರ ಹೋಗಿ, ಹೆಸರು ಹೇಳದೆ ಕೇಳಿದೆ. “ಖಾತೆ ಬದಲಾದ ಮ್ಯಾಲೆ ಹಳೇ ಮಾಲೀಕರು ಬಂದು, ನಂದು ನನಗ ಕೊಡ್ರಿ ಅಂತ ಕೇಳಬಹುದೇನ್ರಿ?”

“ಹೊಲ ಆದ್ರ ಕೇಳತಾರ. ಪಾಪ ಯಾರು ಕೇಳತಾರವ್ವ?”

“ಕೇಳಿದ್ರ?”

“ಯಾಕ ಕೇಳಬೇಕು? ನಂಬಬೇಕು, ಸುಮ್ಮನಿರಬೇಕು, ಅಷ್ಟ.”

“ಹೊತ್ತುಕೊಂಡವರು ಅದರ ಬಗ್ಗೆ ಊರೂರಿಗೆ ಹೋಗಿ ಇಲ್ಲದ್ದೆಲ್ಲ ಹೇಳ್ತಿದ್ರರೀ?”

ಪಾಸ್ಟರು ಪೆನ್ಸಿಲ್ ಕೆಳಗಿಟ್ಟರು. “ಯೇಸುಸ್ವಾಮಿ ಹಂಗ ಮಾಡ್ಲಿಲ್ಲವ್ವ” ಎಂದರು. ಆಮೇಲೆ ನನ್ನನ್ನು ನೋಡಿ, “ಎಂ.ಎ. ಓದಿಸಿದ್ದು ತಪ್ಪಾತು ಅಂತ ನಿಮ್ಮಪ್ಪಗ ಹೇಳತೀನಿ” ಎಂದರು.

ಕೊನೆಗೆ ದೊಡ್ಡವ್ವನ ಮನೆಗೇ ಹೋದೆ. ಅವಳು ಮಧ್ಯಾಹ್ನದ ಊಟ ಮುಗಿಸಿ, ಕಾಲು ಚಾಚಿ ಕೂತು ಅವರೆಕಾಳು ಸುಲಿಯುತ್ತಿದ್ದಳು. ಮೇ ಕೊನೆಗೆ ಹರಪನಹಳ್ಳಿಯಲ್ಲಿ ಎಲ್ಲ ಊರುಗಳ ಸ್ತ್ರೀಯರ ದೊಡ್ಡ ಕೂಟ, ಅದರಲ್ಲಿ ಮುಖ್ಯ ಸಾಕ್ಷಿ ತನ್ನದು ಎಂಬ ಸುದ್ದಿಯನ್ನು ನಾನು ಕೂರುವ ಮೊದಲೇ ಹೇಳಿದಳು. ನಾನು ಅವಳ ಮುಂದಿನ ಕಾಳಿನ ರಾಶಿ ನೋಡುತ್ತ, ಮನಸ್ಸಿನಲ್ಲಿ ಸಿದ್ಧ ಮಾಡಿಕೊಂಡಿದ್ದ ವಾಕ್ಯ ಹೇಳಿದೆ.

“ದೊಡ್ಡವ್ವ, ಅವತ್ತು ದ್ರಾಕ್ಷಿರಸ ಕುಡದಾಕಿ ನಾನು.”

ಅವಳ ಕೈ ನಿಲ್ಲಲಿಲ್ಲ. “ಗೊತ್ತೈತಿ.”

“ನನ್ನ ಸಾಕ್ಷಿಯೊಳಗ ಹೇಳಬೇಕಂತ ಮಾಡೀನಿ.”

ಈಗ ನಿಂತಿತು. “ಏನು ಹೇಳಬೇಕಂತ ಮಾಡೀಯ?”

“ಖರೇ ಏನಾಗೈತೋ ಅದನ್ನ.”

“ಅಯ್ಯ ಇವಳ! ಹದಿಮೂರು ವರ್ಷ ನಾ ಜ್ವಾಪಾನ ಮಾಡೀನಿ ಅದನ್ನ. ನಿನಗ ಈಗ ನೆನಪಾತೇನು?”

“ನನ್ನ ಪಾಪ ಅದು, ದೊಡ್ಡವ್ವ.”

“ಯಾರು ಮೂರು ತಿಂಗಳು ಹಿಂದಿನ ಸಾಲಿಗೆ ಕುಂತಾರ? ನೀನಾ? ಯಾರು ಆ ಹಿರೇರ ಹೆಂಡತಿ ಬಾಯಾಗ ಸಿಕ್ಕಾರ? ನಿನ್ನ ಪಾಪ ಅಂತ, ನಿನ್ನ ಪಾಪ! ನೀ ಓದಿದಾಕಿ ಅದೀ, ಊರು ತಿರಗಿ ಬಂದಾಕಿ. ಬ್ಯಾರೇದು ಯಾವದರ ಹುಡಿಕ್ಯ ಹೋಗು. ಒಂದು ಸಿಗಂಗಿಲ್ಲೇನು ನಿನಗ? ಹಾಸ್ಟೆಲ್‌ನ್ಯಾಗ ಎರಡು ವರ್ಷ ಏನು ಮಾಡಿದಿ?”

“ಓದಿದೆ.”

“ಸುಡು!” ಎಂದು ಸಿಪ್ಪೆಯನ್ನು ಬುಟ್ಟಿಗೆ ಎಸೆದಳು.

ನನಗೆ ನಗು ಬಂತು, ಅವಳಿಗೆ ಬರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ನಾನು ಕೇಳಿದೆ, ಅವತ್ತು ಯಾಕೆ ಎದ್ದು ನಿಂತೆ ಎಂದು. ನಮ್ಮಪ್ಪನ ಮರ್ಯಾದೆಗಾಗಿ, ಅಥವಾ ಯೇಸುಸ್ವಾಮಿಯ ಮಾದರಿಗಾಗಿ ಎಂಬಂಥ ಉತ್ತರವನ್ನು ನಾನೇ ಎಷ್ಟೋ ವರ್ಷದಿಂದ ಅವಳ ಪರವಾಗಿ ತಯಾರಿಸಿ ಇಟ್ಟಿದ್ದೆ.

“ಇಚಾರ ಮಾಡಿ ಎದ್ದೀನಿ ಅಂತ ತಿಳದೀಯೇನು? ನಿನ್ನ ಮಾರಿ ಬೆಳ್ಳಗಾಗಿತ್ತು. ಉಚ್ಚಿ ಹೊಯ್ಕೋತಾಳ ಈಕಿ ಅನ್ನಿಸ್ತು. ಕಾಲು ತಾವ ಎದ್ದ್ವು.” ಅವರೆಕಾಳನ್ನು ಮೊರಕ್ಕೆ ಸುರಿದಳು. “ಆಮ್ಯಾಲೆ ಮಂದಿ ಕರೆಯಾಕ ಹತ್ತಿದ್ರು. ನನ್ನ ಯಾರು ಕರದಿದ್ರು ಅದಕ್ಕ ಮದಲು? ಅಡಿಗಿಗೆ ಕರದಾರ. ಮಾತಾಡಾಕ ಯಾರು ಕರದಾರ?”

ಹೊರಡುವಾಗ ಅವಳು ಬಾಗಿಲವರೆಗೂ ಬರಲಿಲ್ಲ. ಒಳಗಿನಿಂದಲೇ, “ನಿನ್ನ ಮನಸಿಗೆ ಬಂದಂಗ ಮಾಡ್ಕ್ಯ. ನಾ ಅಂತೂ ಹೊಳಿಗೆ ಬರಂಗಿಲ್ಲ” ಎಂದಳು.

ಮೇ ಎರಡನೆಯ ಭಾನುವಾರ ಎರಡು ಟಂಟಂ ಗಾಡಿಗಳಲ್ಲಿ ಹಂಪಸಾಗರಕ್ಕೆ ಹೋದೆವು. ದೊಡ್ಡವ್ವ ಎರಡನೆಯ ಗಾಡಿಯಲ್ಲಿ, ಹಿರಿಯರ ಹೆಂಡತಿಯ ಪಕ್ಕ, ಬಿಗಿದುಕೊಂಡು ಕೂತಿದ್ದಳು. ಬಂದಿದ್ದೇಕೆ ಎಂದು ಅವ್ವ ಕೇಳಿದ್ದಕ್ಕೆ, “ಆಕಿ ಬಟ್ಟಿ ಬದಲಿಸ್ಬೇಕಾದ್ರ ಚಾದರ ಹಿಡಿಯಾಕ ಯಾರದಾರ?” ಎಂದಳಂತೆ.

ಬೇಸಿಗೆಯಲ್ಲಿ ತುಂಗಭದ್ರೆಯ ಹಿನ್ನೀರು ದಡ ಬಿಟ್ಟು ದೂರ ಹೋಗಿರುತ್ತದೆ. ಬಿರಿದ ಕೆಸರಿನ ಮೇಲೆ, ಯಾರೋ ಹಾಕಿದ ಕಲ್ಲಂಗಡಿ ಬಳ್ಳಿ ತುಳಿಯದಂತೆ, ಸಾಲಾಗಿ ನಡೆದೆವು. ನೀರು ಸಿಕ್ಕಿತು, ಆದರೆ ಮೊಳಕಾಲಿನವರೆಗೆ ಮಾತ್ರ. ಪಾಸ್ಟರು ಇನ್ನೂ ಒಳಗೆ, ಇನ್ನೂ ಒಳಗೆ ಎಂದು ಹೋದರು, ಹೋದಷ್ಟೂ ಮೊಳಕಾಲೇ. ಕೊನೆಗೆ ಅಲ್ಲಿಂದಲೇ ಕೂಗಿದರು: “ಕುಂತು ಮುಳಗಬೇಕಾಗತೈತಿ! ನಡೀತೈತಿ! ಪೂರಾ ಮುಳಗಿದ್ರ ಸಾಕು!”

ಬಿಳಿ ಚೂಡಿದಾರ ಹಾಕಿಕೊಂಡು ನಾನು ದಡದಲ್ಲಿ ನಿಂತೆ. ಕಾಗದ ತಂದಿರಲಿಲ್ಲ. ಏಪ್ರಿಲ್ ಶನಿವಾರ, ಮಧ್ಯಾಹ್ನ ಮೂರು ಗಂಟೆ, ನಮ್ಮ ಮನೆ, ಕಾಲು ಲೋಟದಂತೆ ಏಳು ಸಲ ಎಂದು ಹೇಳಿದೆ. ಹುಣಸೆಹಣ್ಣು, ಬೆಲ್ಲ ಹೇಳಿದೆ. ದೊಡ್ಡವ್ವ ಕುಡಿಯಲಿಲ್ಲ, ನನ್ನನ್ನು ಉಳಿಸಲು ಎದ್ದು ನಿಂತಳು, ನಾನು ಸುಮ್ಮನಿದ್ದೆ, ಸುಮ್ಮನಿದ್ದದ್ದೇ ಕುಡಿದದ್ದಕ್ಕಿಂತ ದೊಡ್ಡ ತಪ್ಪು ಎಂದೆ. ಎಲ್ಲ ಸೇರಿ ಎರಡು ನಿಮಿಷವೂ ಆಗಿರಲಿಕ್ಕಿಲ್ಲ.

ಹಿರಿಯರು ಕರವಸ್ತ್ರ ತೆಗೆದು ಕಣ್ಣಿಗೆ ಹಚ್ಚಿದರು. “ನೋಡ್ರಿ ಹುಡುಗಿ ಮನಸು! ದೊಡ್ಡವ್ವನ ತಪ್ಪು ತನ್ನ ಮ್ಯಾಲೆ ಹಾಕ್ಕ್ಯಂತಾಳ!”

“ಏನು ಪ್ರೀತಿರೀ!” ಎಂದಿತು ಇನ್ನೊಂದು ದನಿ. “ಸಾಕ್ಷಾತ್ ಸ್ವಾಮಿ ಗುಣ!”

“ಇಲ್ರಿ, ಖರೇನ ನಾನು—”

“ಸಾಕವ್ವ, ಸಾಕು. ತಿಳೀತು ನಮಗ” ಎಂದು ಹಿರಿಯರು ನನ್ನ ಮೇಲೆ ಕರುಣೆಯಿಟ್ಟರು.

ನೀರಿನೊಳಗಿದ್ದ ಪಾಸ್ಟರಿಗೆ ಮಾತ್ರ ಇಕ್ಕಟ್ಟು. “ಪ್ರೀತಿ ಇರಲಿ, ಅದು ಚಲೋನ. ಆದ್ರ ಇನ್ನೊಬ್ಬರ ಪಾಪ ಹೇಳಿದ್ರ ಹೆಂಗ ಮುಳಗಿಸ್ಲಿ? ಬ್ಯಾರೆ ಯಾವದರ ಇದ್ರ ಹೇಳವ್ವ, ಸಣ್ಣದಿದ್ರೂ ನಡೀತೈತಿ. ಬಿಸಲು ಏರಾಕ ಹತ್ತೈತಿ.”

ಹೇಳಬೇಕೆಂದು ಹದಿಮೂರು ವರ್ಷ ಒದ್ದಾಡಿದ ಒಂದೇ ಒಂದು ಮಾತನ್ನು ಹೇಳಿದ್ದೆ, ಅದು ಸದ್ಗುಣವಾಗಿಹೋಯಿತು. ದೊಡ್ಡವ್ವನ ಕಡೆ ನೋಡಬಾರದು ಎಂದುಕೊಂಡೂ ನೋಡಿದೆ. ಅವಳು ಮಡಿಸಿದ ಚಾದರವನ್ನು ಎದೆಗೆ ಅವುಚಿಕೊಂಡಿದ್ದಳು. ಏನೂ ಮಾಡಬೇಕಿರಲಿಲ್ಲ ಅವಳು. ಸುಮ್ಮನೆ ಕೂತಿದ್ದರೆ ಸಾಕಿತ್ತು. ಹರಪನಹಳ್ಳಿ ಉಳಿಯುತ್ತಿತ್ತು, ಮಲ್ಲಿಗೆ ಉಳಿಯುತ್ತಿತ್ತು, ತಂಗಿಯ ಮಗಳು ತನಗಾಗಿ ಪಾಪ ಹೊತ್ತಳು ಎಂಬ ಹೊಸ ಅಧ್ಯಾಯವೂ ಸಾಕ್ಷಿಗೆ ಸೇರುತ್ತಿತ್ತು. ಅದು ಅವಳಿಗೂ ಹೊಳೆದಿರಬೇಕು.

ಆಮೇಲೆ ಚಾದರವನ್ನು ಹಿರಿಯರ ಹೆಂಡತಿಯ ಮಡಿಲಿಗೆ ಹಾಕಿ ಎದ್ದಳು.

“ಆಕಿ ಹೇಳಿದ್ದು ಖರೇ. ನಾ ಕುಡದಿಲ್ಲ. ಭರಣಿಯೊಳಗಿಂದ ಒಂದು ಹನಿ ನಾಲಿಗಿಗೆ ಹಚ್ಚಿಲ್ಲ.”

“ಮತ್ತ ಇಷ್ಟು ವರ್ಷ ಹೇಳಿದ್ದೇನವ್ವ?” ಪಾಸ್ಟರು ನೀರಿನಿಂದ ಕೇಳಿದರು.

“ಸುಳ್ಳು.”

“ಎಚ್ಚರ ತಪ್ಪಿ ಬಿದ್ದದ್ದು?”

“ಅದೂ ಸುಳ್ಳು.”

“ಯಾರೋ ಕರದಂಗ ಆಗಿದ್ದು?”

ದೊಡ್ಡವ್ವ ತಲೆ ತಗ್ಗಿಸಿದಳು. “ಕರೀಲಿ ಅಂತಿತ್ತು. ಕರೀಲಿಲ್ಲ.”

ಆಗ ಹಿರಿಯರ ಹೆಂಡತಿ ಚಾದರ ಹಿಡಿದುಕೊಂಡೇ ಗಂಡನ ಕಡೆ ತಿರುಗಿದರು. “ಹುಣಸಿಹಣ್ಣು! ಅವತ್ತ ಹೇಳಿಲ್ಲೇನು ನಾನು, ನಿಂಬಿ ಅಲ್ಲ ಅಂತ? ಕೇಳಿದಿರಾ ನೀವು? ಬಾಧಿ ಅಂತ, ಬಾಧಿ!”

ದೊಡ್ಡವ್ವನಿಗೆ ನಗು ತಡೆಯಲಾಗಲಿಲ್ಲ. ಅಳುವೂ ಬಂತು, ಎರಡೂ ಒಟ್ಟಿಗೆ. ಹಿರಿಯರ ಹೆಂಡತಿಗೂ ಬಂತು. ನಾನು ಈ ಗದ್ದಲದಲ್ಲೇ ನೀರಿಗೆ ಇಳಿದು, ಪಾಸ್ಟರ ಮುಂದೆ ಕೆಸರಿನಲ್ಲಿ ಕೂತೆ. ಅವರು ತಲೆಯ ಹಿಂದೆ ಕೈಯಿಟ್ಟು, ತಂದೆಯ, ಮಗನ, ಪವಿತ್ರಾತ್ಮನ ಹೆಸರಿನಲ್ಲಿ ನನ್ನನ್ನು ಹಿಂದಕ್ಕೆ ಮಲಗಿಸಿದರು. ಮೊಳಕಾಲು ಮೇಲೆ ಉಳಿಯಿತು ಎಂದು ಯಾರೋ ಕೂಗಿದರು. ಅದನ್ನೂ ಒತ್ತಿ ಮುಳುಗಿಸಿದರು. ನೀರು ಬೆಚ್ಚಗಿತ್ತು. ಒಳಗೆ ಏನನ್ನಿಸಿತು ಎಂಬುದನ್ನು ನಾನು ಇಲ್ಲಿ ಬರೆಯುವುದಿಲ್ಲ. ಮೇಲೆ ಬಂದಾಗ ದೊಡ್ಡವ್ವ ಚಾದರ ಬಿಡಿಸಿ ಹಿಡಿದುಕೊಂಡು ಮೊಳಕಾಲಷ್ಟು ನೀರಿನಲ್ಲಿ ನಿಂತಿದ್ದಳು.

“ಬಾ ಲೇ, ಮಂದಿ ನೋಡ್ತಾರ” ಎಂದಳು.

ನಾನು ಹಗುರಾದೆ, ನಿಜ. ಆದರೆ ಆ ಹಗುರಕ್ಕೆ ತೆರಬೇಕಾದ್ದನ್ನು ಈ ಸಲವೂ ಅವಳೇ ತೆತ್ತಳು. ಸುದ್ದಿ ನಮಗಿಂತ ಮೊದಲು ಊರು ಮುಟ್ಟಿತ್ತು. ಹರಪನಹಳ್ಳಿಯವರು ಫೋನ್ ಮಾಡಿ, “ಈ ಸಲ ಬ್ಯಾಡ್ರಿ, ಬ್ಯಾರೆಯವರನ್ನ ಕರದೀವಿ” ಎಂದರು. ಕೂಡ್ಲಿಗಿಯವರು ಫೋನ್ ಸಹ ಮಾಡಲಿಲ್ಲ. ಪಾಸ್ಟರು ಶಿಸ್ತಿನ ವಿಚಾರವಾಗಿ ಎರಡು ವಾರ ಯೋಚಿಸಿ, ಮಾಡದ ತಪ್ಪಿಗೆ ಆಗಲೇ ಮೂರು ತಿಂಗಳು ಅನುಭವಿಸಿದ್ದಾಳೆ, ಅದನ್ನೇ ಇದಕ್ಕೆ ಹಿಡಿದುಕೊಂಡರಾಯಿತು ಎಂದು ಬರೆದು ಕಡತ ಮುಚ್ಚಿದರು. ದೊಡ್ಡವ್ವ ಭಾನುವಾರ ಬರುವಳು, ಕೂರುವಳು, ಹೋಗುವಳು. ನಾಲ್ಕು ತಿಂಗಳು ಯಾರೂ ಅವಳನ್ನು ಎಲ್ಲಿಗೂ ಕರೆಯಲಿಲ್ಲ. ನಾನು ಸಂಜೆ ಅವಳ ಮನೆಗೆ ಹೋಗಿ ಕೂರುತ್ತಿದ್ದೆ. ಇಬ್ಬರೂ ಟಿ.ವಿ. ನೋಡುತ್ತಿದ್ದೆವು. ಕ್ಷಮಿಸು ಎಂದು ಒಂದು ದಿನ ಹೇಳಿದ್ದಕ್ಕೆ, “ಮುಗದೈತಿ ಬಿಡು, ಎಷ್ಟು ಸಲ ಹೇಳತೀ? ಸೌಂಡ್ ಜಾಸ್ತಿ ಮಾಡು” ಎಂದಳು.

ಸೆಪ್ಟೆಂಬರಿನಲ್ಲಿ ಕೊಟ್ಟೂರಿನ ಕೂಟದವರು ಕರೆದರು. ಬರಬೇಕಾದವರು ಕೊನೆಗಳಿಗೆಯಲ್ಲಿ ತಪ್ಪಿಸಿಕೊಂಡಿದ್ದರಂತೆ. ನಾನು ಅಲ್ಲಿನ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ತರಗತಿ ಮುಗಿಸಿಕೊಂಡು ಹೋಗಿ ಹಿಂದಿನ ಬೆಂಚಿನಲ್ಲಿ ಕೂತೆ. ಮುಂಚೆ ಮುಕ್ಕಾಲು ಗಂಟೆ ಮಾತಾಡುತ್ತಿದ್ದ ದೊಡ್ಡವ್ವ ಅಂದು ಆರು ನಿಮಿಷ ಮಾತಾಡಿದಳು. ಒಂದು ಹುಡುಗಿಯನ್ನು ಉಳಿಸಲು ಸುಳ್ಳು ಹೇಳಿದೆ. ಆಮೇಲೆ ಜನ ನನ್ನನ್ನು ಕರೆಯಲಿ ಎಂದು ಸುಳ್ಳು ಹೇಳಿದೆ. ಮೊದಲನೆಯ ಸುಳ್ಳನ್ನು ಎರಡನೆಯದು ತಿಂದುಹಾಕಿತು. ಈಗ ಹೇಳಲು ಬೇರೇನೂ ಇಲ್ಲ, ಆದರೂ ದೇವರು ನನ್ನನ್ನು ಬಿಟ್ಟಿಲ್ಲ ಅನ್ನಿಸುತ್ತದೆ. ಇಷ್ಟೇ. ಯಾರೂ ಅಳಲಿಲ್ಲ. ಮುಂದಿನ ಸಾಲಿನ ಒಬ್ಬಳು ಆಕಳಿಸಿದ್ದನ್ನೂ ಕಂಡೆ.

ಚಹಾದ ಹೊತ್ತಿಗೆ ಐವತ್ತು ದಾಟಿದ ಒಬ್ಬ ಹೆಂಗಸು ಬಂದು ದೊಡ್ಡವ್ವನ ಕೈ ಹಿಡಿದು ಹೊರಗೆ ಕರೆದುಕೊಂಡು ಹೋದಳು. ಹಾಲ್‌ನ ಹಿಂದಿನ ಬೇವಿನ ಮರದ ಕೆಳಗೆ ಇಬ್ಬರೂ ನೆಲದ ಮೇಲೆ ಕೂತರು. ಆ ಹೆಂಗಸು ಮಾತಾಡುತ್ತಿದ್ದಳು. ದೊಡ್ಡವ್ವ, ನನ್ನ ಆಯುಷ್ಯದಲ್ಲಿ ಮೊದಲ ಬಾರಿಗೆ, ಅರ್ಧ ಗಂಟೆ ಬಾಯಿ ಬಿಡದೆ ಕೇಳಿದಳು. ಅವಳ ಪಾಲಿನ ಚಹಾ ಆರಿಹೋಯಿತು.

ವಾಪಸು ಬಸ್ಸಿನಲ್ಲಿ ತಡೆಯಲಾರದೆ ಕೇಳಿದೆ. “ಏನಂತ ಆಕಿದು?”

“ಅದು ಆಕಿದು. ನಿನಗ್ಯಾಕ?”

ನಾನು ಕಿಟಕಿಯ ಕಡೆ ತಿರುಗಿದೆ. ಒಂದೆರಡು ಸ್ಟಾಪು ದಾಟಿದ ಮೇಲೆ ದೊಡ್ಡವ್ವ ನನ್ನ ಮೊಳಕೈ ತಿವಿದಳು.

“ಗುರುವಾರ ಮತ್ತ ಬರ್ರಿ ಅಂದಾಳ. ನಿನ್ನ ಕಾಲೇಜು ಎಷ್ಟಕ್ಕ ಬಿಡತೈತಿ?”